ನಮ್ಮ ಬೆಟ್ಟಗಳ ವಯಸ್ಸು, ನಮ್ಮ ಈಮಾನಿನ ಹೊಣೆ

(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿ ಹಝ್ರತ್ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ ಮತ್ತು ಸಂಗಾತಿಗಳ ಮೇಲೆ ಸಲಾತ್ ಮತ್ತು ಸಲಾಮ್ ಇರಲಿ. ಸತ್ಯವಿಶ್ವಾಸಿಗಳೇ, ಮೊದಲು ನಮಗೂ ಆಮೇಲೆ ನಿಮಗೂ ತಖ್ವಾದ ಉಪದೇಶ ಮಾಡುತ್ತೇವೆ. ಏಕಾಂತದಲ್ಲೂ ಬಹಿರಂಗದಲ್ಲೂ ಅಲ್ಲಾಹನನ್ನು ಭಯಪಡೋಣ.

ಈ ವಾರ ನಾವು ಬೆಟ್ಟಗಳ ಬಗ್ಗೆ ಮಾತಾಡೋಣ. ಜುಮಾದಲ್ಲಿ ಇದೇನು ವಿಷಯ ಎಂದು ಕೆಲವರಿಗೆ ಅನಿಸಬಹುದು. ಆದರೆ ಸಂಜೆ ಮದ್ರಸಾಕ್ಕೆ ಬರುವ ಮಕ್ಕಳು ಹಗಲು ಶಾಲೆಯಿಂದ ಒಂದು ಪ್ರಶ್ನೆ ಹೊತ್ತು ತರುತ್ತಾರೆ. "ಹಝ್ರತ್, ಬೆಟ್ಟಗಳನ್ನು ಅಲ್ಲಾಹನು ಸೃಷ್ಟಿಸಿದ ಎಂದು ನೀವು ಹೇಳುತ್ತೀರಿ. ಭೂಫಲಕಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಬೆಟ್ಟಗಳಾದವು ಎಂದು ಪಾಠದಲ್ಲಿದೆ. ಎರಡರಲ್ಲಿ ಯಾವುದು ನಿಜ?"

ಈ ಪ್ರಶ್ನೆ ಕೇಳಿದ ಮಗುವನ್ನು ಗದರಿಸಿ ಕೂರಿಸುವುದು ಸುಲಭ. ಗದರಿಸಿದರೆ ಮಗು ಸುಮ್ಮನಾಗುತ್ತದೆ, ಆದರೆ ಮನಸ್ಸಿನಲ್ಲಿ ಒಂದು ಗೆರೆ ಬೀಳುತ್ತದೆ: ಶಾಲೆಯಲ್ಲಿ ಒಂದು ಸತ್ಯ, ಮಸೀದಿಯಲ್ಲಿ ಇನ್ನೊಂದು. ಹತ್ತು ವರ್ಷ ಕಳೆದು ಅದೇ ಮಗು ಕಾಲೇಜಿಗೆ ಹೋದಾಗ ಎರಡರಲ್ಲಿ ಒಂದನ್ನು ಬಿಡುತ್ತದೆ. ಬಿಟ್ಟದ್ದು ದೀನ್ ಆಗಿದ್ದರೆ ಅದರ ಲೆಕ್ಕ ಕೊಡಬೇಕಾದವರು ಯಾರು? ಆದ್ದರಿಂದ ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ತಂದೆ ತಾಯಂದಿರ ಮತ್ತು ಉಸ್ತಾದರ ಮೇಲಿರುವ ಹಕ್ಕು.

ಕುರ್‌ಆನ್ ಕೇಳುವ ಪ್ರಶ್ನೆ

ಸೂರಃ ಅಲ್‌ಗಾಶಿಯಾದಲ್ಲಿ ನಾಲ್ಕು ವಸ್ತುಗಳನ್ನು ನೋಡಿ ಚಿಂತಿಸಲು ಮನುಷ್ಯನಿಗೆ ಕರೆ ಇದೆ: ಒಂಟೆ, ಆಕಾಶ, ಬೆಟ್ಟ, ಭೂಮಿ. ನಾಲ್ಕರ ಜೊತೆಗೂ 'ಕೈಫ' ಎಂಬ ಪದ ಬರುತ್ತದೆ. ಕೈಫ ಎಂದರೆ 'ಹೇಗೆ'. ಯಾರು ಮಾಡಿದರು ಎಂದು ತಿಳಿಸಿದ ಗ್ರಂಥವೇ ಹೇಗೆ ಆಯಿತೆಂದು ನೋಡಲು ನಮ್ಮನ್ನು ಕಳುಹಿಸುತ್ತಿದೆ. ಹಾಗಿರುವಾಗ 'ಹೇಗೆ' ಎಂದು ಕೇಳುವ ಮಗು ದೀನಿನಿಂದ ದೂರ ಸರಿಯುತ್ತಿಲ್ಲ, ಕುರ್‌ಆನ್ ತೋರಿಸಿದ ದಿಕ್ಕಿನಲ್ಲೇ ನಡೆಯುತ್ತಿದೆ.

ಸೂರಃ ಫಾತಿರ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿ ಬೆಟ್ಟಗಳಲ್ಲಿ ಕಾಣುವ ಬಿಳಿ, ಕೆಂಪು ಮತ್ತು ಕಡುಕಪ್ಪು ಬಣ್ಣದ ಪಟ್ಟೆಗಳ ಪ್ರಸ್ತಾಪವಿದೆ. ಅದರ ಮರುವಚನದಲ್ಲೇ ಅಲ್ಲಾಹನನ್ನು ನಿಜವಾಗಿ ಭಯಪಡುವವರು ಅವನ ದಾಸರ ಪೈಕಿ ಜ್ಞಾನವುಳ್ಳವರು ಎಂಬ ಅರ್ಥದ ಮಾತು ಬರುತ್ತದೆ. ಕಲ್ಲಿನ ಬಣ್ಣದ ಮಾತು ಮತ್ತು ಜ್ಞಾನಿಯ ಭಯಭಕ್ತಿಯ ಮಾತು ಅಕ್ಕಪಕ್ಕದಲ್ಲಿವೆ.

ನಮ್ಮ ಹಿರಿಯ ವಿದ್ವಾಂಸರು ಈ ಕರೆಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಕ್ರಿ.ಶ. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತಮ್ಮ ಕಿತಾಬುಶ್ಶಿಫಾದಲ್ಲಿ ಬೆಟ್ಟಗಳು ಉಂಟಾಗುವ ಬಗೆಯನ್ನು ಚರ್ಚಿಸಿದ್ದಾರೆ. ಭೂಕಂಪದಂಥ ಬಲದಿಂದ ನೆಲ ಮೇಲೇಳುವುದು ಒಂದು ಕಾರಣ, ನೀರು ಮೆತ್ತಗಿನ ನೆಲವನ್ನು ಕೊರೆದು ಗಟ್ಟಿ ಭಾಗ ಎತ್ತರವಾಗಿ ಉಳಿಯುವುದು ಇನ್ನೊಂದು ಕಾರಣ, ಇದಕ್ಕೆಲ್ಲ ಬಹು ದೀರ್ಘ ಕಾಲ ಬೇಕು ಎಂದರು. ಅವರ ಸಮಕಾಲೀನ ಅಲ್‌ಬಿರೂನಿ ನಮ್ಮ ಹಿಂದೂಸ್ತಾನದ ನೆಲವನ್ನೇ ಪರೀಕ್ಷಿಸಿದರು. ಬೆಟ್ಟದ ಬಳಿ ನದಿಯ ಕಲ್ಲುಗಳು ದೊಡ್ಡವು, ದೂರ ಹೋದಂತೆ ಸಣ್ಣವು, ಕೊನೆಗೆ ಬರೀ ಮರಳು ಎಂಬುದನ್ನು ಗಮನಿಸಿ, ಉತ್ತರದ ಬಯಲು ಒಮ್ಮೆ ಸಮುದ್ರವಾಗಿತ್ತು, ನದಿಗಳು ತಂದ ಮಣ್ಣಿನಿಂದ ತುಂಬಿತು ಎಂದು ತೀರ್ಮಾನಿಸಿದರು. ಇವರು ಐದು ಹೊತ್ತು ನಮಾಝ್ ಮಾಡುತ್ತಿದ್ದ ಸಮಾಜದ ಜನ. ಪ್ರಶ್ನೆಗೆ ಅವರು ಹೆದರಲಿಲ್ಲ.

ಕಾಲಡಿಯ ನೆಲ ಚಲಿಸುತ್ತಿದೆ

ಈಗ ವಿಜ್ಞಾನ ಏನು ಹೇಳುತ್ತದೆ ಎಂಬುದನ್ನು ಸರಳವಾಗಿ ತಿಳಿಯೋಣ. ಭೂಮಿಯ ಹೊರಮೈ ಒಂದೇ ಚಿಪ್ಪಲ್ಲ. ಸುಮಾರು 100 ಕಿಲೋಮೀಟರ್ ದಪ್ಪದ ಕೆಲವು ದೊಡ್ಡ, ಹಲವು ಸಣ್ಣ ಫಲಕಗಳಾಗಿ ಅದು ಒಡೆದಿದೆ. ಅವುಗಳ ಕೆಳಗಿನ ಬಂಡೆ ಗಟ್ಟಿಯಾಗಿದ್ದರೂ ಅಪಾರ ಶಾಖದಿಂದ ಬಹು ನಿಧಾನವಾಗಿ ಹರಿಯುತ್ತದೆ. ಅದರ ಮೇಲೆ ಫಲಕಗಳು ಸರಿಯುತ್ತವೆ. ಖಂಡಗಳು ಚಲಿಸುತ್ತವೆ ಎಂದು 1912ರಲ್ಲಿ ಆಲ್‌ಫ್ರೆಡ್ ವೆಗೆನರ್ ಎಂಬ ಜರ್ಮನ್ ವಿಜ್ಞಾನಿ ಹೇಳಿದಾಗ ಹೆಚ್ಚಿನವರು ಒಪ್ಪಲಿಲ್ಲ. ಅವರು 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡರು. ಸಮುದ್ರದ ತಳವನ್ನು ಅಳೆದ ಮೇಲೆ, 1960ರ ದಶಕದಲ್ಲಿ, ಈ ಮಾತಿಗೆ ಬಲವಾದ ಪುರಾವೆ ಸಿಕ್ಕಿತು. ಇಂದು ಉಪಗ್ರಹಗಳ ಮೂಲಕ ಈ ಚಲನೆಯನ್ನು ನೇರವಾಗಿ ಅಳೆಯುತ್ತಾರೆ.

ನಾವು ಕುಳಿತಿರುವ ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯದ ಕಡೆ ಸರಿಯುತ್ತಿದೆ. ಕೈಬೆರಳ ಉಗುರು ಬೆಳೆಯುವ ವೇಗಕ್ಕಿಂತ ತುಸು ಹೆಚ್ಚು, ಅಷ್ಟೇ. 40 ವರ್ಷದ ಹಿಂದೆ ಕಟ್ಟಿದ ಮಸೀದಿ ಇಂದು ಎರಡು ಮೀಟರ್‌ನಷ್ಟು ಸರಿದಿದೆ. ಊರು, ಕೆರೆ, ರಸ್ತೆ ಎಲ್ಲವೂ ಜೊತೆಗೇ ಸರಿಯುವುದರಿಂದ ನಮಗೆ ತಿಳಿಯುವುದಿಲ್ಲ. ಅಷ್ಟರಿಂದ ಕಿಬ್ಲಾ ಏನೂ ಬದಲಾಗುವುದಿಲ್ಲ, ಗಾಬರಿ ಬೇಡ. ಆದರೆ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 5 ಸೆಂಟಿಮೀಟರ್ ಎಂದರೆ ಒಂದು ಕೋಟಿ ವರ್ಷಕ್ಕೆ 500 ಕಿಲೋಮೀಟರ್. ಹನಿಗೂಡಿದರೆ ಹಳ್ಳ.

ಫಲಕಗಳು ಸೇರುವ ಮತ್ತು ಅಗಲುವ ಕಡೆಗಳಲ್ಲಿ ಬೆಟ್ಟಗಳು ಏಳುತ್ತವೆ. ಮಸೀದಿಯ ಜಮಖಾನವನ್ನು ಎರಡು ಕಡೆಯಿಂದ ತಳ್ಳಿದರೆ ನಡುವೆ ಮಡಿಕೆ ಏಳುತ್ತದಲ್ಲವೇ? ಭಾರತದ ಫಲಕ ಏಷ್ಯಾವನ್ನು ಸುಮಾರು 5 ಕೋಟಿ ವರ್ಷಗಳ ಹಿಂದೆ ತಳ್ಳತೊಡಗಿತು. ನಡುವೆ ಇದ್ದ ಸಮುದ್ರ ಮುಚ್ಚಿಹೋಯಿತು, ಅದರ ತಳ ಮಡಚಿ ಮೇಲೆದ್ದಿತು. ಅದೇ ಹಿಮಾಲಯ. 8,848 ಮೀಟರ್ ಎತ್ತರದ ಎವರೆಸ್ಟ್ ತುದಿಯ ಸುಣ್ಣಕಲ್ಲಿನಲ್ಲಿ ಇಂದಿಗೂ ಪುರಾತನ ಸಮುದ್ರಜೀವಿಗಳ ಅವಶೇಷಗಳು ಸಿಗುತ್ತವೆ. ಇನ್ನು ಕೆಲವೆಡೆ ಸಮುದ್ರದ ಫಲಕ ಖಂಡದ ಕೆಳಗೆ ನುಗ್ಗಿದಾಗ ಆಳದಲ್ಲಿ ಶಿಲಾಪಾಕ ಉಂಟಾಗಿ, ಅದು ಮೇಲೆ ಬಂದು ಜ್ವಾಲಾಮುಖಿ ಪರ್ವತಗಳಾಗುತ್ತವೆ. ದಕ್ಷಿಣ ಅಮೆರಿಕದ ಆಂಡಿಸ್ ಹಾಗೆ ಆದದ್ದು.

ಅಗಲುವುದಕ್ಕೆ ಉದಾಹರಣೆಯನ್ನು ನಮ್ಮ ಹಾಜಿಗಳು ಕಣ್ಣಾರೆ ಕಂಡಿದ್ದಾರೆ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಹೊರಟು ಜಿದ್ದಾದಲ್ಲಿ ಇಳಿದರೆ ಪಕ್ಕದಲ್ಲೇ ಕೆಂಪು ಸಮುದ್ರ. ಅರೇಬಿಯಾದ ಫಲಕ ಆಫ್ರಿಕಾದಿಂದ ದೂರ ಸರಿಯುತ್ತಿರುವ ಬಿರುಕಿನಲ್ಲಿ ಆ ಸಮುದ್ರ ತುಂಬಿದೆ. ಬಿರುಕಿನ ಅಂಚು ಮೇಲೆದ್ದು ತಾಇಫ್ ಕಡೆಯ ಎತ್ತರದ ಸರವಾತ್ ಪರ್ವತಶ್ರೇಣಿಯಾಗಿದೆ. ಮದೀನಾದ ಸುತ್ತ ಕಾಣುವ ಕಪ್ಪು ಕಲ್ಲಿನ 'ಹರ್‍ರಾ' ಬಯಲುಗಳು ಲಾವಾ ಹರಿದು ಆದವು. ಹಿಜರಿ 654ರಲ್ಲಿ, ಅಂದರೆ ಕ್ರಿ.ಶ. 1256ರಲ್ಲಿ, ಮದೀನಾದ ಹತ್ತಿರವೇ ಲಾವಾ ಉಕ್ಕಿ ಹರಿದದ್ದು ಚರಿತ್ರೆಯಲ್ಲಿ ದಾಖಲಾಗಿದೆ.

ನಮ್ಮ ಬೆಟ್ಟಗಳ ಕಥೆ ಬೇರೆ

ಹಾಗಾದರೆ ನಮ್ಮ ಕಣ್ಣೆದುರಿನ ಬೆಟ್ಟಗಳು? ದೊಡ್ಡಬಳ್ಳಾಪುರದವರಿಗೆ ಮಾಕಳಿದುರ್ಗ, ಹುಲುಕುಡಿ ಬೆಟ್ಟ. ದೇವನಹಳ್ಳಿಯವರಿಗೆ ಪಕ್ಕದ ಜಿಲ್ಲೆಯ ನಂದಿ. ನೆಲಮಂಗಲದವರಿಗೆ ಶಿವಗಂಗೆ. ಇವೂ ಹಿಮಾಲಯದಂತೆ ಮಡಚಿ ಎದ್ದವೇ?

ಅಲ್ಲ. ಇವು ಹಿಮಾಲಯಕ್ಕಿಂತ ಎಷ್ಟೋ ಪಾಲು ಹಿರಿಯವು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯನ್ನು ನೋಡಿದವರು ಅದರ ಮೈಯಲ್ಲಿ ಬೂದು, ಬಿಳಿ, ಕಪ್ಪು ಪಟ್ಟೆಗಳನ್ನು ಕಂಡಿರುತ್ತಾರೆ. ಅದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ನಮ್ಮ ಸೀಮೆಯ ತಳಪಾಯವೇ ಈ ಕಲ್ಲು. ಈ ತಳಪಾಯದೊಳಕ್ಕೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಶಿಲಾಪಾಕ ನುಗ್ಗಿತು. ಆಗಿನ ಭೂಖಂಡದ ತುಂಡುಗಳು ಒತ್ತಿಕೊಂಡು ಒಂದಕ್ಕೊಂದು ಬೆಸೆದ ಕಾಲ ಅದು ಎಂದು ಹಲವು ಭೂವಿಜ್ಞಾನಿಗಳು ವಿವರಿಸುತ್ತಾರೆ. ರಾಮನಗರ, ಸಾವನದುರ್ಗದಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಹಬ್ಬಿರುವ ಗ್ರಾನೈಟ್ ಪಟ್ಟಿಗೆ ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ನಮ್ಮ ಸುತ್ತಲಿನ ಗ್ರಾನೈಟ್ ಬೆಟ್ಟಗಳ ಕಥೆಯೂ ಇದೇ ಬಗೆಯದು.

ಆ ಶಿಲಾಪಾಕ ನೆಲದ ಮೇಲೆ ಉಕ್ಕಲಿಲ್ಲ. ಕಿಲೋಮೀಟರ್‌ಗಟ್ಟಲೆ ಆಳದಲ್ಲೇ ನಿಂತು ನಿಧಾನವಾಗಿ ತಣಿಯಿತು. ಬೇಗ ತಣಿದರೆ ಹರಳು ಸಣ್ಣದು, ನಿಧಾನವಾಗಿ ತಣಿದರೆ ದೊಡ್ಡದು. ಸಾವನದುರ್ಗದ ಕಲ್ಲಿನಲ್ಲಿ ಬರಿಗಣ್ಣಿಗೆ ಕಾಣುವ ಗುಲಾಬಿ ಹರಳುಗಳು ಆ ನಿಧಾನಕ್ಕೆ ಸಾಕ್ಷಿ. ಮುಂದೆ ಕೋಟ್ಯಂತರ ವರ್ಷ ಮಳೆ, ಗಾಳಿ, ಬಿಸಿಲು ಮೇಲಿನ ನೆಲವನ್ನು ಸವೆಸಿದವು. ಒಳಗೆ ಅಡಗಿದ್ದ ಗಟ್ಟಿ ಕಲ್ಲು ಹೊರಬಂತು. ಮೇಲಿನ ಭಾರ ಇಳಿದಂತೆ ಕಲ್ಲು ಹಿಗ್ಗಿ ಈರುಳ್ಳಿಯ ಪದರದಂತೆ ಸುಲಿಯಿತು. ಬಿರುಕುಗಳಿಗೆ ನೀರು ಇಳಿದು ಅಂಚುಗಳು ಸವೆದು ಗುಂಡುಗಳಾದವು. ಮಾಕಳಿದುರ್ಗದಲ್ಲಿ ಒಂದರ ಮೇಲೊಂದು ಯಾರೋ ಜೋಡಿಸಿಟ್ಟಂತೆ ಕಾಣುವ ಬಂಡೆಗಳು ಹೀಗೆ ಆದವು. ಅಂದರೆ ಹಿಮಾಲಯ ಈಗಲೂ ಏಳುತ್ತಿರುವ ಪರ್ವತ, ನಮ್ಮವು ಎಂದೋ ಸವೆದುಹೋದ ಪುರಾತನ ನೆಲದ ಬೇರುಗಳು. 1,478 ಮೀಟರ್ ಎತ್ತರದ ನಂದಿಯ ನೆತ್ತಿಯ ಮೇಲೆ ನಿಂತವನು ಒಂದು ಕಾಲದಲ್ಲಿ ಪಾತಾಳವಾಗಿದ್ದ ಕಲ್ಲಿನ ಮೇಲೆ ನಿಂತಿರುತ್ತಾನೆ.

ಇಷ್ಟು ವರ್ಷ ಎಂದು ಹೇಗೆ ಗೊತ್ತು ಎಂದು ಮಕ್ಕಳು ಕೇಳುತ್ತಾರೆ. ಗ್ರಾನೈಟ್‌ನಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳು ಇರುತ್ತದೆ. ಅದು ಹುಟ್ಟುವಾಗ ಸ್ವಲ್ಪ ಯುರೇನಿಯಂ ಒಳಗೆ ಸೇರಿರುತ್ತದೆ, ಸೀಸ ಬಹುಮಟ್ಟಿಗೆ ಇರುವುದಿಲ್ಲ. ಯುರೇನಿಯಂ ಒಂದು ನಿಗದಿತ ವೇಗದಲ್ಲಿ ಸೀಸವಾಗುತ್ತಾ ಹೋಗುತ್ತದೆ. ಅದರ ಮುಖ್ಯ ಬಗೆ ಅರ್ಧದಷ್ಟು ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಎಷ್ಟು ಉಳಿದಿದೆ, ಎಷ್ಟು ಸೀಸವಾಗಿದೆ ಎಂದು ಅಳೆದರೆ ಹರಳಿನ ವಯಸ್ಸು ಸಿಗುತ್ತದೆ. ಕಲ್ಲಿನೊಳಗೆ ಅಲ್ಲಾಹನು ಇಟ್ಟ ಗಡಿಯಾರ ಅದು.

ಆರು ದಿನಗಳಲ್ಲಿ ಸೃಷ್ಟಿ ಎಂದಿರುವಾಗ ಕೋಟ್ಯಂತರ ವರ್ಷ ಎಲ್ಲಿಂದ ಬಂತು ಎಂಬ ಶಂಕೆ ಬೇಡ. ಅರಬಿಯ 'ಯೌಮ್' 24 ಗಂಟೆಗೇ ಸೀಮಿತವಾದ ಪದವಲ್ಲ. ಅಲ್ಲಾಹನ ಬಳಿಯ ದಿನ ಒಂದು ಕಡೆ ನಮ್ಮ ಎಣಿಕೆಯ ಸಾವಿರ ವರ್ಷಕ್ಕೆ, ಇನ್ನೊಂದು ಕಡೆ 50 ಸಾವಿರ ವರ್ಷಕ್ಕೆ ಹೋಲಿಸಿ ಕುರ್‌ಆನಿನಲ್ಲೇ ಬಂದಿದೆ. ನಮ್ಮ ಗಡಿಯಾರದಿಂದ ಅವನ ಕೆಲಸವನ್ನು ಅಳೆಯಲು ಹೋಗಬಾರದು.

ಮಗುವಿಗೆ ಕೊಡುವ ಉತ್ತರ

ಈಗ ಮಗುವಿನ ಪ್ರಶ್ನೆಗೆ ಬರೋಣ. ಮಳೆ ಬೀಳುವುದು ಮೋಡದಿಂದ, ಮೋಡ ಬರುವುದು ಮುಂಗಾರಿನ ಗಾಳಿಯಿಂದ. ಇದು ನಮಗೆಲ್ಲ ಗೊತ್ತು. ಗೊತ್ತಿದ್ದೂ ಬರಗಾಲದಲ್ಲಿ ಬಯಲಿಗೆ ಹೋಗಿ ಮಳೆಗಾಗಿ ನಮಾಝ್ ಮಾಡುತ್ತೇವೆ. ಗರ್ಭದಲ್ಲಿ ಮಗು ಹಂತ ಹಂತವಾಗಿ ಬೆಳೆಯುವುದನ್ನು ಡಾಕ್ಟರು ಸ್ಕ್ಯಾನಿಂಗ್‌ನಲ್ಲಿ ತೋರಿಸುತ್ತಾರೆ. ಆದರೂ ತಾಯಿ "ಅಲ್ಲಾಹ್ ಕೊಟ್ಟ" ಎನ್ನುತ್ತಾಳೆ. ಅವಳ ಮಾತು ತಪ್ಪೇ? ಡಾಕ್ಟರು ಹೇಳಿದ್ದು 'ಹೇಗೆ', ತಾಯಿ ಹೇಳಿದ್ದು 'ಯಾರು'. ಬೆಟ್ಟದ ವಿಷಯವೂ ಹಾಗೆಯೇ. ಫಲಕಗಳ ಚಲನೆ ಅಲ್ಲಾಹನ ಬದಲಿಗೆ ಕೆಲಸ ಮಾಡುವ ಇನ್ನೊಬ್ಬ ಸೃಷ್ಟಿಕರ್ತನಲ್ಲ. ಅದು ಅವನು ಇಟ್ಟ ನಿಯಮ, ಅವನ ಸುನ್ನತ್. "ಮಗೂ, ನಿನ್ನ ಶಿಕ್ಷಕರು ಹೇಳಿದ್ದು ಸರಿ. ಅಲ್ಲಾಹನು ಬೆಟ್ಟವನ್ನು ಹೇಗೆ ಮಾಡಿದ ಎಂಬುದನ್ನು ಅವರು ಕಲಿಸುತ್ತಿದ್ದಾರೆ. ಚೆನ್ನಾಗಿ ಓದು" ಎಂದು ಹೇಳಿ. ಮಗುವಿನ ಮನಸ್ಸಿನ ಗೆರೆ ಅಳಿಸುತ್ತದೆ.

ದೀನಿಗೆ ಸುಳ್ಳು ಊರುಗೋಲು ಬೇಡ

ಇನ್ನೊಂದು ಕಡೆಯಿಂದಲೂ ಎಚ್ಚರ ಬೇಕು. ವಾಟ್ಸಾಪ್‌ನಲ್ಲಿ ಬೆಟ್ಟಗಳ ಬಗ್ಗೆ ಸಂದೇಶಗಳು ಹರಿದಾಡುತ್ತವೆ. ಬೆಟ್ಟಗಳಿರುವ ಕಡೆ ಭೂಕಂಪ ಆಗುವುದಿಲ್ಲ, ವಿಜ್ಞಾನ ಇದನ್ನು ಒಪ್ಪಿದೆ ಎಂಬ ಒಂದು ಸಂದೇಶ. ಸೂರಃ ಅನ್ನಮ್ಲ್‌ನಲ್ಲಿ ಬೆಟ್ಟಗಳು ಮೋಡಗಳಂತೆ ಸಾಗುವ ಪ್ರಸ್ತಾಪವಿದೆ, ಅದೇ ಫಲಕ ಚಲನೆ ಎಂಬ ಇನ್ನೊಂದು ಸಂದೇಶ. ನಮ್ಮ ಯುವಕರು ಅಭಿಮಾನದಿಂದ ಇವನ್ನು ಹತ್ತು ಜನರಿಗೆ ಕಳುಹಿಸುತ್ತಾರೆ.

ನಿಧಾನವಾಗಿ ನೋಡೋಣ. ಸೂರಃ ಅನ್ನಮ್ಲ್‌ನ ಆ ವಚನದ ಹಿಂದಿನ ವಚನದಲ್ಲಿ ಕಹಳೆ ಊದುವ ದಿನದ ಮಾತಿದೆ. ಆದ್ದರಿಂದ ಬಹಳಷ್ಟು ಮುಫಸ್ಸಿರರು ಅದನ್ನು ಕಿಯಾಮತ್‌ನ ದೃಶ್ಯವೆಂದೇ ವಿವರಿಸಿದ್ದಾರೆ. ಕಿಯಾಮತ್‌ನ ಭಯವನ್ನು ನಾವು ಭೂಗೋಳದ ಪಾಠವಾಗಿ ಮಾಡಿದರೆ ವಚನದ ಉದ್ದೇಶ ಕೈತಪ್ಪುತ್ತದೆ.

ಸೂರಃ ಅನ್ನಬಅ್‌ನಲ್ಲಿ ಬೆಟ್ಟಗಳನ್ನು ಗೂಟಗಳಿಗೆ ಹೋಲಿಸಲಾಗಿದೆ. ಡೇರೆಯ ಗೂಟ ಮೇಲೆ ಸ್ವಲ್ಪ, ಒಳಗೆ ಹೆಚ್ಚು. ದೊಡ್ಡ ಪರ್ವತಗಳಿಗೆ ಆಳವಾದ ಬೇರು ಇರುವುದು ನಿಜ. ಹಿಮಾಲಯದ ತೂಕಕ್ಕೆ ತೂಗುಗುಂಡು ಎಷ್ಟು ವಾಲಬೇಕೋ ಅಷ್ಟು ವಾಲುತ್ತಿಲ್ಲ ಎಂಬ ಭಾರತದ ಭೂಮಾಪನದ ಸಮಸ್ಯೆಯಿಂದಲೇ 1855ರಲ್ಲಿ ಜಾರ್ಜ್ ಏರಿ ಎಂಬ ವಿಜ್ಞಾನಿ ಈ ಬೇರಿನ ವಿಚಾರವನ್ನು ಮುಂದಿಟ್ಟರು. ನಮ್ಮ ಭಾಗದಲ್ಲಿ ಭೂಮಿಯ ಹೊರಚಿಪ್ಪು 35-40 ಕಿಲೋಮೀಟರ್ ದಪ್ಪವಿದ್ದರೆ ಟಿಬೆಟ್‌ನ ಕೆಳಗೆ ಸುಮಾರು 70 ಕಿಲೋಮೀಟರ್ ಇದೆ. ಈ ಹೋಲಿಕೆಯನ್ನು ಓದಿ ಈಮಾನ್ ಹೆಚ್ಚಿದರೆ ಒಳ್ಳೆಯದು.

ಆದರೆ ಬೆಟ್ಟವಿದ್ದಲ್ಲಿ ಭೂಕಂಪ ಇಲ್ಲ ಎಂಬ ಮಾತು ಸುಳ್ಳು. ಪರ್ವತಗಳು ಏಳುವ ಕಡೆಯೇ ಭೂಕಂಪಗಳು ಹೆಚ್ಚು. 2005ರ ಅಕ್ಟೋಬರ್ 8ರಂದು, ರಮಝಾನ್ ತಿಂಗಳಲ್ಲಿ, ಕಾಶ್ಮೀರದ ಪರ್ವತಗಳ ನಡುವೆ 7.6 ತೀವ್ರತೆಯ ಭೂಕಂಪವಾಗಿ 70 ಸಾವಿರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಭಾಗದಲ್ಲಿ ದೊಡ್ಡ ಭೂಕಂಪ ಅಪರೂಪವಾಗಿರುವುದು ನಾವು ಫಲಕದ ಅಂಚಿನಿಂದ ದೂರವಿರುವುದರಿಂದ. ಅದೂ ಪೂರ್ಣ ಅಭಯವಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಯಾಚೆಯ ಲಾತೂರಿನ ಕಿಲ್ಲಾರಿಯಲ್ಲಿ ಸುಮಾರು 10 ಸಾವಿರ ಜನ ಸತ್ತದ್ದು ಹಿರಿಯರಿಗೆ ನೆನಪಿರುತ್ತದೆ. ಅದೂ ದಖ್ಖನ್ನಿನ ಗಟ್ಟಿ ನೆಲವೇ. ಕುರ್‌ಆನ್ ಕೂಡ ಸಮೂದ್ ಮತ್ತು ಮದ್‌ಯನ್ ಜನಾಂಗಗಳನ್ನು ಭೂಕಂಪ ಹಿಡಿದದ್ದನ್ನು ತಿಳಿಸುತ್ತದೆ. ಪ್ರವಾದಿ(ಸ) ಮತ್ತು ಸಹಾಬಿಗಳು ಮೇಲಿದ್ದಾಗಲೇ ಉಹುದ್ ಬೆಟ್ಟ ನಡುಗಿದ್ದು ಹದೀಸ್‌ನಲ್ಲಿದೆ. ಭೂಮಿ ನಮಗೆ ವಾಸಯೋಗ್ಯವಾಗಿ ಸ್ಥಿರವಾಗಿದೆ ಎಂಬುದು ಅಲ್ಲಾಹನ ಅನುಗ್ರಹ. ಅದು ಎಂದೂ ನಡುಗದು ಎಂಬ ವಾಗ್ದಾನ ಅವನು ಕೊಟ್ಟಿಲ್ಲ.

ಸಹೋದರರೇ, ಇದರಲ್ಲಿ ನಮಗೆ ದಾರಿ ತೋರಿಸುವ ಒಂದು ಘಟನೆ ಪ್ರವಾದಿ(ಸ)ರ ಬದುಕಿನಲ್ಲಿದೆ. ಅವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಪ್ರವಾದಿಯ ಮಗನ ಮರಣಕ್ಕೆ ಸೂರ್ಯನೇ ಮಸುಕಾದ ಎಂದು ಜನ ಮಾತಾಡಿಕೊಂಡರು. ಸುಮ್ಮನಿದ್ದಿದ್ದರೆ ಸಾಕಿತ್ತು, ಅವರ ಪ್ರವಾದಿತ್ವಕ್ಕೆ ಊರೇ ಸಾಕ್ಷಿ ಹೇಳುತ್ತಿತ್ತು. ಅವರು ಸುಮ್ಮನಿರಲಿಲ್ಲ. ಮಗನನ್ನು ಮಣ್ಣು ಮಾಡಿದ ದುಃಖದಲ್ಲೂ ಎದ್ದು ನಿಂತು, ಸೂರ್ಯ ಚಂದ್ರರಿಗೆ ಯಾರ ಸಾವಿನಿಂದಲೂ ಹುಟ್ಟಿನಿಂದಲೂ ಗ್ರಹಣ ಹಿಡಿಯುವುದಿಲ್ಲ, ಅವು ಅಲ್ಲಾಹನ ದೃಷ್ಟಾಂತಗಳು ಎಂದು ಜನರಿಗೆ ತಿಳಿಸಿದರು. ತಮ್ಮ ಪರವಾಗಿ ಬಂದ ಸುಳ್ಳನ್ನೇ ಅವರು ತಿರಸ್ಕರಿಸಿದರು. ಅವರ ಉಮ್ಮತ್ ಆದ ನಾವು ದೀನಿನ ಹೆಸರಲ್ಲಿ ಪರಿಶೀಲಿಸದ ಮಾತನ್ನು ಫಾರ್ವರ್ಡ್ ಮಾಡಬಹುದೇ?

ಕ್ರಿ.ಶ. 1111ರಲ್ಲಿ ತೀರಿಕೊಂಡ ಇಮಾಮ್ ಗಝ್ಝಾಲಿಯವರು ತಹಾಫುತುಲ್ ಫಲಾಸಿಫಾದಲ್ಲಿ ಇದೇ ಗ್ರಹಣದ ಉದಾಹರಣೆ ಕೊಟ್ಟು ಎಚ್ಚರಿಸಿದ್ದಾರೆ. ಲೆಕ್ಕದಿಂದ ಸಾಬೀತಾದ ಸಂಗತಿಯನ್ನು ದೀನಿನ ಹೆಸರಿನಲ್ಲಿ ನಿರಾಕರಿಸುವವನು ದೀನಿಗೇ ಹಾನಿ ಮಾಡುತ್ತಾನೆ ಎಂಬುದು ಅವರ ಮಾತಿನ ಸಾರ. ಸುಳ್ಳಿನ ಊರುಗೋಲು ಹಿಡಿದ ನಂಬಿಕೆ, ಊರುಗೋಲು ಮುರಿದ ದಿನ ಬೀಳುತ್ತದೆ. ಸತ್ಯಕ್ಕೆ ಆ ಊರುಗೋಲು ಬೇಕಿಲ್ಲ.

ಹಾಗೆಯೇ, ಎಲ್ಲೋ ಭೂಕಂಪವಾದ ಕೂಡಲೇ ಅಲ್ಲಿನವರ ಪಾಪದ ಫಲ ಎಂದು ತೀರ್ಪು ಕೊಡಬೇಡಿ. 2023ರ ಫೆಬ್ರವರಿ 6ರಂದು ತುರ್ಕಿ ಮತ್ತು ಸಿರಿಯಾದಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅರೇಬಿಯಾದ ಫಲಕ ಉತ್ತರಕ್ಕೆ ಒತ್ತುತ್ತಿರುವ ಗಡಿ ಅದು. ನಿದ್ದೆಯಲ್ಲಿದ್ದ ಹಸುಗೂಸುಗಳು ಯಾವ ಪಾಪ ಮಾಡಿದ್ದವು? ಕಟ್ಟಡ ಕುಸಿದು ಸತ್ತ ವಿಶ್ವಾಸಿಯನ್ನು ಹದೀಸ್ ಶಹೀದರ ಸಾಲಿಗೆ ಸೇರಿಸುತ್ತದೆ. ಅವರಿಗಾಗಿ ದುಆ ಮಾಡುವುದು, ಬದುಕುಳಿದವರಿಗೆ ನೆರವು ಕಳುಹಿಸುವುದು, ನಮ್ಮ ಮನೆಗಳ ತಳಪಾಯ ಮತ್ತು ಕಂಬಗಳಲ್ಲಿ ಕಳ್ಳಲೆಕ್ಕ ಮಾಡದಿರುವುದು ನಮ್ಮ ಕೆಲಸ.

ಬೆಟ್ಟವೆಂಬ ಅಮಾನತ್

ಕೊನೆಯ ಮಾತು ನಮ್ಮ ಊರಿನದು. 250 ಕೋಟಿ ವರ್ಷದ ಕಲ್ಲನ್ನು ಜಿಲೆಟಿನ್ ಒಂದು ಕ್ಷಣದಲ್ಲಿ ಒಡೆಯುತ್ತದೆ. ಒಡೆದದ್ದು ಮತ್ತೆ ಬೆಳೆಯುವುದಿಲ್ಲ. ಕಡಿದ ಮರದ ಜಾಗದಲ್ಲಿ ಸಸಿ ನೆಡಬಹುದು, ಕಡಿದ ಬೆಟ್ಟದ ಜಾಗದಲ್ಲಿ ಏನು ನೆಡುವುದು? ನಂದಿ ಬೆಟ್ಟದ ಕಡೆ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗೆ ಹೋಗಬೇಕಾದ ನದಿ. ಹೊಸಕೋಟೆ ಸೀಮೆಗೆ ಬರುವ ದಕ್ಷಿಣ ಪಿನಾಕಿನಿಯ ಮೂಲವೂ ಆ ಬೆಟ್ಟಸಾಲೇ. ಈ ಗಟ್ಟಿ ಕಲ್ಲಿನಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮತ್ತು ಮೇಲಿನ ಸವೆದ ಪದರದಲ್ಲಿ ಮಾತ್ರ. ಬೆಟ್ಟದಿಂದ ಕೆರೆಗೆ ಬರುವ ಕಾಲುವೆ ಮುಚ್ಚಿ, ಸಾವಿರ ಅಡಿ ಬೋರ್ ಕೊರೆಸಿ ನೀರಿಲ್ಲ ಎಂದು ಅಳುವುದರಲ್ಲಿ ಅರ್ಥವಿಲ್ಲ.

ಕಲ್ಲು ಬಳಸುವುದು ಹರಾಮ್ ಎಂದು ನಾವು ಹೇಳುತ್ತಿಲ್ಲ. ನಮ್ಮ ಮನೆಯ ಪಾಯ, ಮಸೀದಿಯ ನೆಲಹಾಸು, ಊರಿನ ರಸ್ತೆ ಎಲ್ಲವೂ ಇದೇ ಕಲ್ಲಿನವು. ನಮ್ಮ ಜಮಾಅತ್‌ನಲ್ಲೂ ಟಿಪ್ಪರ್ ಓಡಿಸುವವರು, ಕ್ರಷರ್‌ನಲ್ಲಿ ದುಡಿಯುವವರು ಇದ್ದಾರೆ, ಅದು ಅವರ ಹಲಾಲ್ ಅನ್ನ. ಆದರೆ ಹಲಾಲ್ ಎಂಬುದಕ್ಕೆ ಶರತ್ತುಗಳಿವೆ. ಪರವಾನಗಿ ಇಲ್ಲದ ಕ್ವಾರಿಯ ಕಲ್ಲು ಜನರ ಸೊತ್ತಿನ ಕಳವು. ಅದನ್ನು ಮಸೀದಿ ಕಟ್ಟಲು ತಂದರೂ ಕಳವೇ. ಮಸೀದಿ ಕಮಿಟಿಯವರು ಜಲ್ಲಿ, ಎಂ-ಸ್ಯಾಂಡ್ ತರಿಸುವಾಗ ರಾಯಧನ ಕಟ್ಟಿದ ಪರ್ಮಿಟ್ ಕೇಳಲಿ. ಕಲ್ಲಿನ ಸಣ್ಣ ದೂಳು ಕಾರ್ಮಿಕನ ಶ್ವಾಸಕೋಶಕ್ಕೆ ಇಳಿದು ಸಿಲಿಕೋಸಿಸ್ ತರುತ್ತದೆ, ಅದಕ್ಕೆ ಪೂರ್ಣ ಗುಣವಿಲ್ಲ. ದುಡಿಸಿಕೊಳ್ಳುವವನು ನೀರು ಚಿಮುಕಿಸಿ ದೂಳು ಅಡಗಿಸಲಿ, ಮಾಸ್ಕ್ ಕೊಡಲಿ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ತಾಲೂಕಿನ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಅವರೂ ಯಾರದೋ ಮನೆಯ ಅನ್ನದಾತರು. ಕೆಲಸ ಮುಗಿದ ಕ್ವಾರಿಯ ಹೊಂಡಕ್ಕೆ ಬೇಲಿ ಹಾಕದೆ ಬಿಟ್ಟರೆ ಮಳೆಗಾಲದಲ್ಲಿ ಈಜಲು ಹೋದ ಮಗುವಿಗೆ ಅದೇ ಕಬರ್. ದಾರಿಯ ಮುಳ್ಳು ತೆಗೆಯುವುದನ್ನೂ ಸದಕಾ ಎಂದ ದೀನಿನಲ್ಲಿ ಹೊಂಡ ತೆರೆದಿಟ್ಟು ಹೋಗುವುದಕ್ಕೆ ಲೆಕ್ಕವಿಲ್ಲವೇ?

ಸಮೂದ್ ಜನ ಬೆಟ್ಟ ಕೊರೆಯುವುದರಲ್ಲಿ ನಿಪುಣರಾಗಿದ್ದರು. ಕಲ್ಲಿನಲ್ಲಿ ಮನೆ ಮಾಡಿ, ಇನ್ನು ನಮ್ಮನ್ನು ಕೇಳುವವರಾರು ಎಂದು ಮೆರೆದರು. ಇವತ್ತು ಅವರಿಲ್ಲ. ಪ್ರವಾದಿ(ಸ)ರು ಉಹುದ್‌ನ ಮೇಲಿನ ತಮ್ಮ ಪ್ರೀತಿಯನ್ನು ಬಾಯಿಬಿಟ್ಟು ಹೇಳಿದ್ದರು. ಬೆಟ್ಟದೆದುರು ನಿಲ್ಲುವ ಎರಡು ರೀತಿಗಳು ಇವು. ಒಂದರಲ್ಲಿ ದರ್ಪ, ಒಂದರಲ್ಲಿ ಪ್ರೀತಿ.

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಈ ರಜೆಯಲ್ಲಿ ಮಕ್ಕಳನ್ನು ಹತ್ತಿರಕ್ಕೆ ಕರೆದೊಯ್ಯಿರಿ. ಕಲ್ಲಿನ ಹರಳು, ಪಟ್ಟೆ, ಬಿರುಕುಗಳನ್ನು ಮುಟ್ಟಿಸಿ ತೋರಿಸಿ. ಪ್ಲಾಸ್ಟಿಕ್ ಬಿಟ್ಟು ಬರಬೇಡಿ. ಮೇಲೆ ನಿಂತಾಗ ಝುಹ್ರ್ ಆದರೆ ಅಲ್ಲೇ ಜಮಾಅತ್ ಮಾಡಿ, ಆ ಹಳೆಯ ಕಲ್ಲಿನ ಮೇಲೆ ಸಿಜ್ದಾ ಮಾಡಿ. 250 ಕೋಟಿ ವರ್ಷದ ಮುಂದೆ ನಮ್ಮ 60-70 ವರ್ಷ ಎಷ್ಟು ಎಂಬುದು ಹಣೆ ಕಲ್ಲಿಗೆ ತಾಗಿದಾಗ ತಿಳಿಯುತ್ತದೆ.

ಯಾ ಅಲ್ಲಾಹ್, ನಿನ್ನ ದೃಷ್ಟಾಂತಗಳನ್ನು ನೋಡುವ ಕಣ್ಣು, ಅರಿಯುವ ಮನಸ್ಸು ನಮಗೂ ನಮ್ಮ ಮಕ್ಕಳಿಗೂ ಕರುಣಿಸು. ದೀನಿನ ಹೆಸರಿನಲ್ಲಿ ಸುಳ್ಳಾಡುವುದರಿಂದ ನಮ್ಮ ನಾಲಿಗೆಯನ್ನು ಕಾಪಾಡು. ನೀನು ಒಪ್ಪಿಸಿದ ಬೆಟ್ಟ, ಕೆರೆ, ನೆಲಗಳ ಅಮಾನತ್ ಉಳಿಸಿಕೊಳ್ಳುವ ಶಕ್ತಿ ಕೊಡು. ಭೂಕಂಪಗಳಲ್ಲಿ, ಕ್ವಾರಿಗಳಲ್ಲಿ ಪ್ರಾಣ ಕಳೆದುಕೊಂಡವರ ಕುಟುಂಬಗಳಿಗೆ ಸಬ್ರ್ ಮತ್ತು ಆಸರೆ ನೀಡು. ನಮ್ಮ ಸೀಮೆಗೆ ಹದವಾದ ಮಳೆ ಕೊಡು. ಆಮೀನ್.